ಡ್ಯೂಕನ ತೋಳು

ಅಂಗಿಯ ಒಂದು ಜೊತೆ ತೋಳಿನ ವಿಚಾರವಾಗಿ ಲೋಕಕ್ಕೆ ತಿಳಿಸಲೇಬೇಕಾದ ಗಂಭೀರ ಸಂಗತಿಯೊಂದಿದೆ. ೧೯೫೪ರಲ್ಲಿ ಚಾಮರಾಜನಗರದ ನಮ್ಮ ಶಾಲೆಯ ನಾಟಕಕ್ಕೆ ಚರಿತ್ರೆಯ ಮೇಷ್ಟ್ರಾದ ನಾನು ಬರ್ಗಂಡಿಯ ಡ್ಯೂಕನ ಕಥೆ ಆರಿಸಿದ್ದೆ. ಹದಿನೈದನೆಯ ಶತಮಾನದ ಯುರೋಪಿನಲ್ಲಿ ಅವನ ಆಸ್ಥಾನದವರಂತೆ ಉಡುವವರಿರಲಿಲ್ಲ. ಸ್ವಿಸ್ ರೈತರು ಅವನನ್ನು ಸೋಲಿಸಿ, ಅವನ ಡೇರೆಯ ರೇಷ್ಮೆಯನ್ನು ಸೀಳಿ ತಮ್ಮ ಅಂಗಿಗೆ ಹೊಲಿದುಕೊಂಡರಂತೆ. ಹೀಗೆ ಹುಟ್ಟಿದ, ಉದ್ದಕ್ಕೂ ಸೀಳು ಬಿಟ್ಟ ಸೀಳುತೋಳು ಆಮೇಲೆ ರಾಜರಿಗೂ ಫ್ಯಾಶನ್ ಆಯಿತು. ಡ್ಯೂಕನ ಹೆಣ ಮಾತ್ರ ಹಿಮದಲ್ಲಿ ಸಿಕ್ಕಿತು.

"ರೈತ್ರಾ? ಬೋ ಗಟ್ಟಿಗ್ರು ಬುಡಿ ಮೇಷ್ಟ್ರೇ," ಎಂದ ದರ್ಜಿ ಕರಿಬಸವಯ್ಯ.

ನಾಟಕದ ರೇಷ್ಮೆ ನನ್ನ ಹೆಂಡತಿ ಗಂಗಾಂಬಿಕೆಯ ಧಾರೆ ಸೀರೆ. "ಕತ್ತರಿ ತಾಕುದ್ರೆ ನಾನು ಬೇಗೂರಿನ ಬಸ್ಸು ಹತ್ಬುಡ್ತೀನಿ," ಎಂದಿದ್ದಳು. ಅದು ಅವಳ ತವರು. ಹಾಗಾಗಿ ಕರಿಬಸವಯ್ಯ ಸೀರೆಯನ್ನು ಬರೀ ಮಡಿಸಿ, ನೂಲು ಹಾಕಿ ಡ್ಯೂಕನ ಅಂಗಿಗೆ ತೋಳು ಮಾಡಿದ.

ಅಂಗಡಿಗೆ ಬೀಗ ಹಾಕಿ ಊಟಕ್ಕೆ ಹೋದೆವು. ಇಬ್ಬರೂ ಒಟ್ಟಿಗೇ ಬಂದು ತೆಗೆದಾಗ ತೋಳುಗಳು ಉದ್ದಕ್ಕೂ ಸೀಳಿದ್ದವು. ಎಲ್ಲ ಸೀಳೂ ಒಂದೇ ಅಳತೆ. ಒಂದು ಎಳೆಯೂ ಬಿಚ್ಚಿರಲಿಲ್ಲ. ಶಿವರಾತ್ರಿ ಕಳೆದು ಚಳಿ ಶಿವಶಿವಾ ಎಂದು ಹೋಗಿತ್ತು, ಆದರೂ ಬಟ್ಟೆ ಮುಟ್ಟಿದ ಬೆರಳು ಮರಗಟ್ಟಿತು. ಕೆಳಗೆ ನೆಲ ಒದ್ದೆಯಾಗಿತ್ತು.

"ಅಮ್ಮಾವ್ರ ಮಾತಿಗೆ ಎದ್ರಿ ಕತ್ತರೀನ ಮನೇಲೇ ಬುಟ್ಟು ಬಂದಿವ್ನಿ," ಎಂದ ಕರಿಬಸವಯ್ಯ. ಆಮೇಲೆ ತಡೆಯಲಾರದೆ ಸೀಳನ್ನು ಬೆಳಕಿಗೆ ಹಿಡಿದ. "ಆದ್ರೂ ಏನ್ ಕೈ ಮೇಷ್ಟ್ರೇ ಇದು."

ನಾಟಕಕ್ಕೆ ಮೊದಲ ಬಹುಮಾನ ಬಂತು. ಗಂಗಾಂಬಿಕೆ ಬೇಗೂರಿನ ಬಸ್ಸು ಹತ್ತಿದಳು. ಸೀರೆ ನನ್ನ ಪೆಟ್ಟಿಗೆಯಲ್ಲಿದೆ, ಇನ್ನೂ ಒಣಗಿಲ್ಲ.