ದ್ರಾಕ್ಷಿ ಬುಡದ ಪಲ್ವಾನ್

"ನೀವೇ ಅಲ್ವಾ ಅದೀಬಾ? ನಾನು ನಫೀಸಾ. ಬಹೋದಿರ್ ಅಕಾ ಫೋನ್ ಮಾಡಿದ್ರು..."

ಬಾಗಿಲಲ್ಲಿ ನಿಂತವಳನ್ನು ನೋಡಿ ಅದೀಬಾಳ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತು. ಗಿಡ್ಡ ಕೂದಲು, ಕೆಸರು ಮೆತ್ತಿದ ಬೂಟು, ಕೈಯಲ್ಲಿ ಪಶುವೈದ್ಯರ ಚೀಲ. ಅಲಂಕಾರವೇ ಇಲ್ಲ, ಆದರೂ ಎಷ್ಟು ಚೆಂದ! ಅದೂ ಸಾಲದೆಂಬಂತೆ 'ಅಕಾ' ಅಂತೆ. ಅಣ್ಣನನ್ನೂ ಹಾಗೇ ಕರೆಯುತ್ತಾರೆ ನಿಜ, ಆದರೆ ಥೇಟ್ ತಾನು ಗಂಡ ಬಹೋದಿರ್‌ನನ್ನು ಕರೆಯುವ ಹಾಗೆಯೇ!

ಮದುವೆಯಾಗಿ ಐದು ತಿಂಗಳು. ಗಂಡನ ಬಾಯಲ್ಲಿ, ಹಿಂದೆ ಪಕ್ಕದ ಮನೆಯಲ್ಲಿದ್ದ ಈ ಹುಡುಗಿಯ ಗುಣಗಾನ ಕೇಳದ ದಿನವಿಲ್ಲ. ಈಗ ಸಮರ್ಕಂದ್‌ನಲ್ಲಿ ದೊಡ್ಡ ಡಾಕ್ಟರಂತೆ.

"ಯಾಕೆ ಕರೆಸಿದ್ರು?"

"ನಿಮಗೆ ಹೇಳಿಲ್ವಾ? ಪಲ್ವಾನ್ ಏಳ್ತಾನೇ ಇಲ್ವಂತೆ!"

ಹೇಳಿರಲಿಲ್ಲ. ಒಂದೇ ಸೂರಿನಡಿ ಇದ್ದ ಹೆಂಡತಿಗೆ ಹೇಳಿರಲಿಲ್ಲ...

ಪಲ್ವಾನ್ ಈ ಮನೆಯ ಆಮೆ. ನಲವತ್ತು ವರ್ಷದ ಹಿಂದೆ ಅದೀಬಾಳ ಮಾವ ಹುಲ್ಲುಗಾವಲಿನಿಂದ ತಂದದ್ದು. ಪ್ರತಿ ವರ್ಷ ಚಳಿಗೆ ಮುಂಚೆ ದ್ರಾಕ್ಷಿ ಬಳ್ಳಿಗಳನ್ನು ಮಲಗಿಸಿ ಮಣ್ಣು ಮುಚ್ಚುವಾಗ, ಅದೂ ಅಲ್ಲೇ ಕೊರೆದುಕೊಂಡು ಮಲಗುತ್ತಿತ್ತು. ಮಾರ್ಚ್‌ನಲ್ಲಿ ನವ್ರೋಜ್ ಹಬ್ಬಕ್ಕೆ ಮಣ್ಣು ಬಿಡಿಸಿದಾಗ ಕಣ್ಣು ಬಿಡುತ್ತಿತ್ತು.

ಅಂಗಳದ ಮಂಚದ ಮೇಲೆ, ಹಳೆಯ ಕೌದಿಯಲ್ಲಿ ಅದನ್ನು ಮಲಗಿಸಿ ಬಹೋದಿರ್ ಕಾಯುತ್ತಿದ್ದ. ಆಮೆ ನಿದ್ದೆಯಲ್ಲಿದೆಯೋ ಸತ್ತಿದೆಯೋ ಎಂಥವರಿಗೂ ತಿಳಿಯುವುದಿಲ್ಲ. ನಫೀಸಾ ಹಿಂಗಾಲನ್ನು ಚುಚ್ಚಿದಳು, ಕಣ್ಣು ಬಿಡಿಸಿ ನೋಡಿದಳು.

"ಹೋಗ್ಬಿಟ್ಟಿದ್ದಾನೆ ಅಕಾ... ಹಿಮ ತಾಗಿರ್ಬೇಕು. ವಯಸ್ಸೂ ಆಗಿತ್ತು. ಯಾವುದರಿಂದ ಅಂತ ಹೇಳೋಕಾಗಲ್ಲ. ಚಳಿ ಇರುವಾಗಲೇ ಮೇಲಿನ ಮಣ್ಣು ಯಾರಾದ್ರೂ ತೆಗೆದಿದ್ರಾ?"

ಅದೀಬಾ ಮಂಚದಿಂದ ಎರಡು ಹೆಜ್ಜೆ ಹಿಂದೆ ಸರಿದಳು.

"ನಾನೇ ತೆಗೆದೆ," ಎಂದ ಬಹೋದಿರ್.

"ಕತ್ತೆ! ನವ್ರೋಜ್‌ಗೆ ಮುಂಚೆ ದ್ರಾಕ್ಷಿ ಬುಡ ಮುಟ್ಟಬಾರದು ಅಂತ ಗೊತ್ತಿಲ್ವೇನೋ?" ಮಂಚದ ಪಕ್ಕ ಕೂತಿದ್ದ ಅತ್ತೆ ಅಳುತ್ತಲೇ ಬೈದರು.

ಬಹೋದಿರ್ ಕೌದಿಯನ್ನು ಆಮೆಯ ಮೇಲೆ ಎಳೆದು ಮುಚ್ಚಿದ. ನಫೀಸಾ ಅವನ ತೋಳು ಹಿಡಿದು ಬಿಕ್ಕಿದಳು. ಇಬ್ಬರೂ ಸೇರಿ ಜರ್ದಾಲು ಹಣ್ಣಿನ ಮರದ ಕೆಳಗೆ ಗುಂಡಿ ತೋಡಿದರು.

'ಇವರಿಬ್ಬರ ದುಃಖದಲ್ಲಿ ನನಗೆ ಜಾಗವೇ ಇಲ್ಲ...' ಅಸೂಯೆ ಒಂದು ಕಡೆ, ಅಪರಾಧದ ಭಾರ ಇನ್ನೊಂದು ಕಡೆ. ಮಣ್ಣು ತೆಗೆದವಳು ಅವಳೇ!

"ನಫೀಸಾ ಕೈಯಿಂದಲ್ಲದೆ ಪಲ್ವಾನ್ ಬೇರೆ ಯಾರ ಕೈಯಿಂದಲೂ ತಿನ್ನಲ್ಲ," ಎಂದು ಗಂಡ ನಕ್ಕಿದ್ದೇ ಸಾಕಾಗಿತ್ತು. ಹಬ್ಬಕ್ಕೆ ಅವಳು ಬರುವ ಮೊದಲೇ ಅದು ತನ್ನ ಕೈಯಿಂದ ತಿನ್ನಬೇಕು! ಫೆಬ್ರವರಿಯ ಬಿಸಿಲಿನ ಒಂದು ಮಧ್ಯಾಹ್ನ ಅಗೆದು ಎಬ್ಬಿಸಿದ್ದಳು. ಕ್ಯಾರೆಟ್ ತುರಿ ಕೊಟ್ಟರೆ ಮೂಸಿಯೂ ನೋಡಲಿಲ್ಲ. ಮುನಿಸಿನಿಂದ ಮೇಲೆ ಮೇಲೆ ಮಣ್ಣೆಳೆದು ಬಂದಿದ್ದಳು. ಮಾರನೇ ದಿನ ಹಿಮ ಬಿದ್ದಿತ್ತು.

ನಫೀಸಾಳ ಕಾರು ಹೊರಟಿತು. ಬಹೋದಿರ್ ಕೊಳಾಯಿಯ ಬಳಿ ಕೈ ತೊಳೆಯುತ್ತಿದ್ದ.

"ಅಕಾ... ಅದು ನಾನು! ಅವಳಿಗಿಂತ ಮೊದಲು ನನ್ನ ಹತ್ರ ಬರ್ಲಿ ಅಂತ..."

"ಗೊತ್ತು. ಮೊನ್ನೆ ಮಣ್ಣು ಬಿಡಿಸಿದಾಗ ಬುಡದಲ್ಲಿ ಕ್ಯಾರೆಟ್ ತುರಿ ಇತ್ತು. ಈ ಮನೇಲಿ ಅಷ್ಟು ಸಣ್ಣಗೆ ತುರಿಯೋರು ಬೇರೆ ಯಾರಿದ್ದಾರೆ?"

"ಮತ್ತೆ ಅವಳಿಗ್ಯಾಕೆ ಮೊದಲು ಹೇಳಿದ್ರಿ? ನನಗ್ಯಾಕೆ ಹೇಳ್ಲಿಲ್ಲ?"

"ಬದುಕಿದ್ರೆ ನಿನಗೆ ಗೊತ್ತಾಗೋದೇ ಬೇಡ ಅಂದ್ಕೊಂಡೆ. ಅವಳು ಡಾಕ್ಟರು ಕಣೇ, ಅಷ್ಟೇ! ನಂಗೆ ತಂಗಿ ಥರ. ಆದ್ರೆ ಎರಡು ದಿನದಿಂದ ನಿನ್ನ ಮುಖ ನೋಡೋಕೂ ಆಗ್ತಿಲ್ಲ ನಂಗೆ. ಅಪ್ಪ ಬಿಟ್ಟುಹೋಗಿದ್ದು ಅದೊಂದೇ..."

ಅವನು ಕೊಳಾಯಿ ತಿರುಗಿಸಿ ನಿಲ್ಲಿಸಿದ. ಅದೀಬಾ ಮೊದಲ ಬಾರಿಗೆ ನಫೀಸಾಳನ್ನು ಮರೆತು, ಅವನನ್ನಷ್ಟೇ ನೋಡಿದಳು.

"ಅತ್ತೆಗೆ ನಾನೇ ಹೇಳ್ತೀನಿ," ಎಂದಳು.

"ಬೈತಾರೆ."

"ಬೈಯಲಿ. ನನಗೆ ಬರಬೇಕಾದ ಬೈಗುಳ ನೀವು ತಿನ್ನಬೇಡಿ." ಕಣ್ಣು ತುಂಬಿಕೊಂಡು ಕೇಳಿದಳು, "ಆಮೇಲೆ... ನನ್ನನ್ನ ತವರಿಗೆ ಕಳಿಸ್ತೀರಾ?"

ಬಹೋದಿರ್ ತನ್ನ ಒದ್ದೆ ಕೈಯಿಂದ ಅವಳ ಕಣ್ಣೊರೆಸಿದ.

"ಸಿಟ್ಟಿದೆ ಅದೀಬಾ. ತುಂಬಾ ಇದೆ. ಅದು ಹೋಗೋವರೆಗೂ ಇಲ್ಲೇ ಇರು."

"ಹೋದ ಮೇಲೆ?"

"ಹೋದ ಮೇಲೂ... ಇಲ್ಲೇ ಇರು."