ಮೊಲದ ಬೆನ್ನಿನ ಗಂಟು

ಸಮಸ್ತ ಬಂಧುಬಾಂಧವರ ಗಮನಕ್ಕೆ: ರಜೆಗೆ ಬಂದಿದ್ದ ತಂಗಿಯ ಮಗಳಿಗೆಂದು ನಾನು ಕ್ರೋಶಾದಲ್ಲಿ ಮೊಲ ಹೆಣೆಯುವ ಮಹಾಕಾರ್ಯಕ್ಕೆ ಕೈಹಾಕಿದ್ದೆ. ಹತ್ತಿ ತುಂಬಿ, ಬೆನ್ನಿನ ಕಿಂಡಿ ಮುಚ್ಚದೆ, ದಾರವನ್ನೂ ಉಂಡೆಯಿಂದ ಕತ್ತರಿಸದೆ ಊಟಕ್ಕೆ ಎದ್ದೆ.

ಬಂದಾಗ ಹುಡುಗಿ ಅದನ್ನು ಅಪ್ಪಿಕೊಂಡು ಕೂತಿದ್ದಳು.

"ದೊಡ್ಡಮ್ಮಾ, ಇದು ಉಸಿರಾಡ್ತಿದೆ."

"ಹತ್ತಿಗೆಂಥಾ ಉಸಿರೇ, ತರಲೆ!"

ಮುಟ್ಟಿದೆ. ಹೊಟ್ಟೆ ಬೆಚ್ಚಗಿತ್ತು, ಮೆಲ್ಲಗೆ ಏರಿ ಇಳಿಯುತ್ತಿತ್ತು. ಮಗುವಿನ ತೋಳಿನಿಂದ ಅದನ್ನು ಕಿತ್ತುಕೊಂಡೆ. ಕ್ರೋಶಾದಲ್ಲಿ ಒಂದು ಅನುಕೂಲವುಂಟು: ದಾರದ ತುದಿ ಹಿಡಿದೆಳೆದರೆ ಇಡೀ ಮೊಲ ಮತ್ತೆ ಬರೀ ದಾರ.

"ಬಿಚ್ಚಬೇಡ ದೊಡ್ಡಮ್ಮಾ, ಅದಕ್ಕೆ ಚಳಿ ಅಂತೆ."

ತುದಿಗಾಗಿ ತಡಕಾಡಿದೆ. ಕಿಂಡಿ ಮುಚ್ಚಿತ್ತು. ಉಂಡೆಗೆ ಹೋಗುತ್ತಿದ್ದ ದಾರವಾಗಲಿ, ಅದರ ತುದಿಯಾಗಲಿ ಹೊರಗೆಲ್ಲೂ ಇರಲಿಲ್ಲ. ಹೆಣಿಗೆಯ ಅಡಿಯಲ್ಲಿ ಬೆರಳಿಗೆ ಸಿಕ್ಕಿದ್ದು ಗಂಟು ಮಾತ್ರ. ಅದನ್ನು ಒಳಗಿನಿಂದ ಬಿಗಿದಾಗಿತ್ತು.