ಒಬ್ಬ ಗಜಾನನ, ಎರಡು ದೂರು

ಜನವರಿಯ ಒಂದು ಸೋಮವಾರ ಬೆಳಿಗ್ಗೆ ಮರಾಠಿ ಸೀಮೆಯ ಕುಪವಾಡ ಠಾಣೆಗೆ ಇಬ್ಬರು ಹೆಂಗಸರು ಬಂದರು. ಒಬ್ಬಳು ಕಾಜಲ, ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವಾಕೆ. ಇನ್ನೊಬ್ಬಳು ಅವಳ ಅತ್ತೆ ತಂಗೆವ್ವ. ಕಾಜಲಳ ಗಂಡ ಗಜಾನನ ಟ್ರಾಕ್ಟರ್ ಡ್ರೈವರ್. ಕಬ್ಬಿನ ಹಂಗಾಮಿಗೆ ಗಡಿಯಾಚೆ, ಕರ್ನಾಟಕದ ಜ್ಯೋತೆಪ್ಪ ಎಂಬುವರ ಗಾಡಿಯ ಮೇಲಿದ್ದ. ಗುರುವಾರದಿಂದ ಅವನ ಫೋನು ಬಂದ್ ಆಗಿತ್ತು.

ಹೆಡ್ ಕಾನ್‌ಸ್ಟೇಬಲ್ ದಾದಾಸಾಬ ಮರಾಠಿಯಲ್ಲಿ ಕೇಳುತ್ತ ಬರೆದುಕೊಳ್ಳುತ್ತಿದ್ದ. ಕಾಜಲ ಅರ್ಧಕ್ಕೆ ತಡವರಿಸಿದಳು. ಜ್ಯೋತೆಪ್ಪ ಅಲ್ಲಿಯ ಠಾಣೆಯಲ್ಲಿ ಗಜಾನನನ ಮೇಲೆಯೇ ಕಳವಿನ ಕೇಸು ಹಾಕಿದ್ದಾನೆ, ಟ್ರಾಕ್ಟರೂ ಕಾಣೆಯಾಗಿದೆ ಎಂದಳು. ದಾದಾಸಾಬನ ಪೆನ್ನು ನಿಂತಿತು. ತಂಗೆವ್ವ ಮೇಜಿನ ಹತ್ತಿರ ಸರಿದಳು.

"ಕಳ್ಳ ಅಂತಾರ್ರೀ ಸಾಹೇಬ್ರ. ಕಳ್ಳನ ಇರಲಿ. ಮೊದಲ ಹುಡುಕಿ ಕೊಡ್ರಿ. ಆಮ್ಯಾಲ ಅವನ್ನ ನಾನ ಕೇಳ್ತೀನಿ."

ಒಳಗಿದ್ದ ಇನ್‌ಸ್ಪೆಕ್ಟರ್ ಹರ್ಷದಾ ಚೌಗುಲೆ ಈ ಮಾತು ಕೇಳಿ ಹೊರಗೆ ಬಂದಳು. ಸಾಂಗ್ಲಿವಾಡಿಯ ಜೈನ ಮನೆತನದವಳು. ಮನೆಯಲ್ಲಿ ಅಜ್ಜಿ ಆಡುತ್ತಿದ್ದ ಕನ್ನಡ ಅವಳ ಕಿವಿಗೆ ಪೂರ್ತಿ ಗೊತ್ತು, ನಾಲಿಗೆಗೆ ಅಷ್ಟಕ್ಕಷ್ಟೆ.

"ಕುಂದ್ರಿ ಆಯಿ. ಮಗ ಕಡೀಗೆ ಯಾವಾಗ ಮಾತಾಡ್ಯಾನ?"

"ಗುರುವಾರ ಸಂಜೀಕ. ಕಬ್ಬು ಇಳಿಸೇನಿ, ಇಟ್ಟಂಗಿ ಹೇರೂ ಬಾಡಿಗಿ ಸಿಕ್ಕೈತಿ, ಮುಗಿಸಿ ಬರ್ತೀನಿ ಅಂದ."

"ಬಾಡಿಗಿ ಕೊಟ್ಟಾವ ಯಾರು?"

"ಹೆಸರು ಹೇಳಲಿಲ್ರಿ."

"ಕುಡೀತಾನ?"

"ಚಹಾ ಕುಡೀತಾನ್ರಿ, ಮತ್ತೇನಿಲ್ಲ."

ಹರ್ಷದಾ ದಾದಾಸಾಬನತ್ತ ತಿರುಗಿದಳು. "ಕಾಣೆಯಾದ ದೂರು ಪೂರಾ ಬರಕೋರಿ. ಅವರ ಕೇಸು ಅವರದು, ನಮ್ಮ ದೂರು ನಮ್ಮದು."

ಅದೇ ಮಧ್ಯಾಹ್ನ ಅವಳು ಗಡಿ ದಾಟಿ ಆಚೆಯ ಠಾಣೆಗೆ ಹೋದಳು. ಅಲ್ಲಿನ ಸಬ್ ಇನ್‌ಸ್ಪೆಕ್ಟರ್ ಗುರುಸಿದ್ಧಪ್ಪ ನಿವೃತ್ತಿಗೆ ಹತ್ತಿರವಾದ, ನಿಧಾನ ಮಾತಿನ ಮನುಷ್ಯ. ಮೇಜಿನ ಮೇಲೆ ಕನ್ನಡದ ಎಫ್‌ಐಆರ್ ಇತ್ತು. ಹರ್ಷದಾ ಅದರ ಪಕ್ಕ ಮರಾಠಿಯ ದೂರನ್ನಿಟ್ಟಳು. ಒಂದರಲ್ಲಿ ಗಜಾನನ ಆರೋಪಿ, ಇನ್ನೊಂದರಲ್ಲಿ ಕಾಣೆಯಾದವ.

"ಗಾಡಿನೂ ಇಲ್ಲ, ಡ್ರೈವರನೂ ಇಲ್ಲ. ನಾವೇನ್ ತಿಳಕೋಬೇಕ್ರಿ ಮ್ಯಾಡಮ್?"

"ಗಾಡಿ ಕದ್ದು ಓಡಾವ ಮುಗಿಸಿ ಬರ್ತೀನಿ ಅಂತ ಮನೀಗೆ ಫೋನ್ ಮಾಡ್ತಾನೇನ್ರಿ?"

ಗುರುಸಿದ್ಧಪ್ಪ ಎದ್ದು ಹಳೆಯ ಕೇಸಿನ ಕಡತವೊಂದನ್ನು ತೆಗೆದ. ಹಿಂದಿನ ಹಂಗಾಮಿನಲ್ಲೂ ಒಂದು ಟ್ರಾಕ್ಟರ್ ಹೋಗಿತ್ತು. ಅದರ ಡ್ರೈವರ್ ಮರುದಿನ ರಸ್ತೆ ಬದಿಯಲ್ಲಿ ಅಮಲಿನಲ್ಲಿದ್ದವನಂತೆ ಸಿಕ್ಕಿದ್ದ. ಯಾರೋ ಇಟ್ಟಿಗೆ ಸಾಗಿಸುವ ಬಾಡಿಗೆ ಎಂದು ಕರೆದರು, ಚಹಾ ಕೊಟ್ಟರು, ಮುಂದೇನೂ ನೆನಪಿಲ್ಲ ಎಂದಿದ್ದ.

"ಕುಡದು ಮಲಗಿದ್ದಾನ, ಈಗ ಕತಿ ಹೇಳ್ತಾನ ಅಂದಿದ್ವಿ" ಎಂದ ಗುರುಸಿದ್ಧಪ್ಪ. "ಅಂವ ಇನ್ನೂ ಕೋರ್ಟಿಗೆ ಅಲೀಲಾಕತ್ಯಾನ."

ಇಬ್ಬರೂ ಸುತ್ತಲಿನ ಜಿಲ್ಲೆಗಳಿಗೆ ಒಂದೇ ಪ್ರಶ್ನೆ ಕಳಿಸಿದರು: ಡ್ರೈವರನ ಮೇಲೆ ಸಂಶಯ ಬಿದ್ದು ನಿಂತುಹೋದ ಟ್ರಾಕ್ಟರ್ ಕಳವುಗಳಿವೆಯೆ? ಸೋಲಾಪುರ, ಕೊಲ್ಹಾಪುರ, ವಿಜಯಪುರ ಮೂರೂ ಕಡೆಯಿಂದ ಉತ್ತರ ಬಂತು. ಎಲ್ಲ ಕಡೆಯೂ ಅದೇ ಬಾಡಿಗೆ, ಅದೇ ಚಹಾ. ಒಂದೊಂದು ಠಾಣೆಗೆ ಒಂದೊಂದೇ ಕಳವು, ಒಬ್ಬೊಬ್ಬನೇ ಕಳ್ಳ ಡ್ರೈವರ್. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಅದರ ಹಿಂದೊಂದು ಕಳ್ಳರ ಟೋಳಿ ಇರುವುದು ಸ್ಪಷ್ಟವಾಯಿತು. ಎರಡೂ ಕಡೆಯ ಎಸ್‌ಪಿಗಳು ಮಾತಾಡಿ ಜಂಟಿ ತಂಡಕ್ಕೆ ಒಪ್ಪಿಗೆ ಕೊಟ್ಟರು.

ದಾದಾಸಾಬನಿಗೆ ಆಸ್ಪತ್ರೆಗಳ ಕೆಲಸ ಬಿತ್ತು. ಮಿರಜದ ಆಸ್ಪತ್ರೆಗಳಲ್ಲಿ ಗಜಾನನ ಇರಲಿಲ್ಲ. ಗುರುಸಿದ್ಧಪ್ಪನ ಸಿಬ್ಬಂದಿ ವಿಜಯಪುರದ ಕಡೆ ವಿಚಾರಿಸಿದರು. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ತಲೆಗೆ ಪೆಟ್ಟಾದ ಅಪರಿಚಿತನೊಬ್ಬ ಮಲಗಿದ್ದ. ಕಾಲುವೆ ಬದಿಯಲ್ಲಿ ಬಿದ್ದಿದ್ದವನನ್ನು ಕುರಿ ಮೇಯಿಸುವವರು ತಂದು ಸೇರಿಸಿದ್ದರು. ಪ್ರಜ್ಞೆ ಬಂದು ಹೋಗಿ ಮಾಡುತ್ತಿತ್ತು.

ಕಾಜಲ, ತಂಗೆವ್ವರನ್ನು ಜೀಪಿನಲ್ಲಿ ಕರೆದೊಯ್ದರು. ತಂಗೆವ್ವ ವಾರ್ಡಿನ ಬಾಗಿಲಲ್ಲೇ ಗುರುತು ಹಿಡಿದಳು. ಹತ್ತಿರ ಹೋಗಿ ಮಗನ ಪಾದ ಹಿಡಿದು ನಿಂತಳು. ಕಾಜಲ ಬಾಗಿ ಮರಾಠಿಯಲ್ಲಿ ಹೆಸರು ಹಿಡಿದು ಕರೆದಳು. ಅವನು ಕಣ್ಣು ಬಿಟ್ಟ.

ಎರಡು ದಿನ ಕಳೆದ ಮೇಲೆ ಡಾಕ್ಟರು ಸ್ವಲ್ಪ ಹೊತ್ತು ಮಾತಾಡಿಸಲು ಬಿಟ್ಟರು.

"ಚಹಾ ಎಲ್ಲಿ ಕೊಟ್ರು?" ಹರ್ಷದಾ ಕೇಳಿದಳು.

"ರಸ್ತಾದಾಗ್ರಿ. ಇಬ್ಬರು ಇದ್ರು. ಬಾಯಿ ಕಹಿ ಆತು. ನಾ ಪೂರಾ ಕುಡೀಲಿಲ್ಲ."

"ಮತ್ತ?"

"ಗಾಡಿ ಬಿಡಲಿಲ್ರಿ. ಸ್ಟೇರಿಂಗ್ ಹಿಡದ ಕುಂತೆ. ಹೊಡದ್ರು." ಉಸಿರು ತೆಗೆದುಕೊಂಡ. "ನೀಲಿ ಲಾರಿ ನಿಂತಿತ್ತು. ಟ್ರಾಕ್ಟರ ಅದರಾಗ ಏರಸ್ತಿದ್ರು."

ಗಜಾನನ ಹೇಳಿದ ರಸ್ತೆಗೆ ಸೇರುವ ಕರ್ನಾಟಕದ ಚೆಕ್‌ಪೋಸ್ಟಿನ ಕ್ಯಾಮೆರಾದಲ್ಲಿ ಟಾರ್ಪಾಲು ಹೊದಿಸಿದ ನೀಲಿ ಲಾರಿ ಸಿಕ್ಕಿತು. ಗಡಿ ದಾಟಿದ ಮೇಲೆ ಅದು ಎಲ್ಲಿ ಹೋಯಿತೆಂಬುದು ಗುರುಸಿದ್ಧಪ್ಪನಿಗೆ ತಿಳಿಯುವಂತಿರಲಿಲ್ಲ. ನಂಬರು ಕೈಗೆ ಬಂದ ಮೇಲೆ ಹರ್ಷದಾ ಮಿರಜದ ಕ್ಯಾಮೆರಾಗಳನ್ನು ನೋಡಿಸಿದಳು. ಲಾರಿ ಕುಪವಾಡದ ಕೈಗಾರಿಕಾ ವಸಾಹತಿಗೆ ತಿರುಗಿತ್ತು. ಅವಳ ಠಾಣೆಯಿಂದ ಕೂಗಳತೆಯ ದೂರದಲ್ಲಿದ್ದ ಒಂದು ಶೆಡ್ಡಿಗೆ.

ಶೆಡ್ಡು ಸುಭಾಷ ಎಂಬುವನದು. ಟ್ರಾಕ್ಟರ್ ರಿಪೇರಿ ಮಾಡುತ್ತಾನೆಂದು ವಸಾಹತಿಗೆಲ್ಲ ಪರಿಚಿತ. ಅವನ ಫೋನು ಗಡಿಯಾಚೆಯ ಇಬ್ಬರಿಗೆ ಮೇಲಿಂದ ಮೇಲೆ ಹೋಗುತ್ತಿತ್ತು.

"ಇಲ್ಲಿ ಹಿಡದ್ರ ಅಲ್ಲಿಯವರು ಓಡ್ತಾರ" ಎಂದಳು ಹರ್ಷದಾ.

"ಒಂದ ಹೊತ್ತಿಗೆ ಕೈ ಹಾಕೋಣು" ಎಂದ ಗುರುಸಿದ್ಧಪ್ಪ. "ನೀವು ಫೋನ್ ಮಾಡ್ರಿ, ಆ ಕ್ಷಣಕ್ಕ ನಾವು ಒಳಗ ಹೋಗ್ತೀವಿ."

ಹಾಗೆಯೇ ಆಯಿತು. ಮರುವಾರದ ಬುಧವಾರ ಹಗಲು ಹನ್ನೊಂದಕ್ಕೆ ದಾದಾಸಾಬ ಶೆಡ್ಡಿನ ಶಟರ್ ಎತ್ತಿದ. ಒಳಗೆ ಜ್ಯೋತೆಪ್ಪನ ಟ್ರಾಕ್ಟರ್ ಹೊಸ ಬಣ್ಣದಲ್ಲಿ ಒಣಗುತ್ತಿತ್ತು. ಚಾಸಿಯ ನಂಬರನ್ನು ಅರ್ಧ ಉಜ್ಜಿ ಅಳಿಸಲಾಗಿತ್ತು, ಪಕ್ಕದಲ್ಲಿ ಅಂಕಿ ಹೊಡೆಯುವ ಉಕ್ಕಿನ ಅಚ್ಚುಗಳಿದ್ದವು. ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಸುಭಾಷ ಓಡಲಿಲ್ಲ. ಅಷ್ಟರಲ್ಲಿ ಗುರುಸಿದ್ಧಪ್ಪನ ಫೋನು ಬಂತು: "ಇಬ್ಬರೂ ಸಿಕ್ಕರ್ರೀ ಮ್ಯಾಡಮ್. ಲಾರಿನೂ ಸಿಕ್ತು."

ಸಂಘಟಿತ ಅಪರಾಧದ ಕಲಂ ಸೇರಿತು. ಸುಭಾಷನನ್ನು ಮೊದಲು ಯಾರು ಒಯ್ಯಬೇಕೆಂಬ ಮಾತೂ ಬಂತು. ಗುರುಸಿದ್ಧಪ್ಪನೇ ಅದನ್ನು ಮುಗಿಸಿದ. "ನಿಮ್ಮ ಲಾಕಪ್ಪಿನಾಗ ಇರಲಿ. ಅವನ್ನ ನಮ್ಮ ಕಡೆ ಒಯ್ಯಾಕ ನಾ ಕೋರ್ಟಿನಿಂದ ಬಾಡಿ ವಾರಂಟ್ ತಗೊಂಡ ಬರ್ತೀನಿ. ಅವಸರ ಇಲ್ಲ. ಮೊದಲ ಈ ಡ್ರೈವರಗೋಳ ಹೆಸರು ಆರೋಪದಾಗಿಂದ ತಗೀಬೇಕು." ಆ ವಾರವೇ ಅವನು ಗಜಾನನ ನಿರ್ದೋಷಿಯೆಂಬ ವರದಿಯ ಜೊತೆ ಹಿಂದಿನ ಹಂಗಾಮಿನ ಡ್ರೈವರನ ವರದಿಯನ್ನೂ ಕೋರ್ಟಿಗೆ ಸಲ್ಲಿಸಿದ. ಜ್ಯೋತೆಪ್ಪ ಆಸ್ಪತ್ರೆಗೆ ಹೋಗಿ ತಂಗೆವ್ವಳ ಮುಂದೆ ಕೈಮುಗಿದು ನಿಂತ. ಅವಳು ಮಗನ ಹೊದಿಕೆ ಸರಿಪಡಿಸಿದಳು. ಆಮೇಲೆ, "ಕುಂದ್ರಿ" ಎಂದಳು.

ಸುಭಾಷ ಜತ್ತ ಕಡೆಯವನು, ಮನೆಮಾತು ಕನ್ನಡ. ಹೇಳಿಕೆ ಕೊಡುವಾಗ ಮೆತ್ತಗೆ ಮಾತಾಡಿದ.

"ಎಲ್ಲಾ ಡ್ರೈವರಗೋಳನ್ನೇ ಯಾಕ ಹಿಡದಿ? ನಿಂತ ಗಾಡಿ ಕದ್ದರ ಆಗ್ತಿರಲಿಲ್ಲೇನು?" ಹರ್ಷದಾ ಕೇಳಿದಳು.

"ನಿಂತ ಗಾಡಿ ಹೋದ್ರ ನೀವು ಕಳ್ಳನ್ನ ಹುಡುಕ್ತೀರಿ. ಡ್ರೈವರ ಇದ್ದ ಗಾಡಿ ಹೋದ್ರ ಕಳ್ಳ ಮೊದಲ ಸಿಕ್ಕಿರ್ತಾನ."

"ಇದು ನಿನಗ ಹೆಂಗ ಗೊತ್ತು?"

"ನಾನೂ ಡ್ರೈವರ ಇದ್ದೆನ್ರಿ. ಮಾಲಕನ ಗಾಡಿ ಕಳವಾತು. ನಾ ಜ್ವರ ಬಂದು ಸಂಬಂಧಿಕರ ಮನ್ಯಾಗ ಮಲಗಿದ್ದೆ. ನನ್ನ ಮ್ಯಾಲ ಬಂತು. ವರ್ಷಗಟ್ಟಲೆ ಒಳಗಿದ್ದೆ. ನನ್ನ ಹಿಡಿಯೂಕಿಂತ ಮೊದಲ, ಮಗ ಕಾಣವಲ್ಲ ಅಂತ ನಮ್ಮವ್ವ ಠಾಣೆ ಬಾಗಿಲಿಗೆ ಹೋಗಿದ್ದಳು. ಕಳ್ಳನ ತಾಯಿ ಅಂತ ಕಳಿಸಿಬಿಟ್ರು. ಯಾರೂ ಬರಕೊಳ್ಳಲಿಲ್ಲ." ಅವನು ಬೆರಳುಗಳ ಮೇಲಿನ ಬಣ್ಣವನ್ನು ಉಜ್ಜಿಕೊಂಡ. "ಈ ಸಲಾನೂ ಬರಕೊಳ್ಳೂದಿಲ್ಲ ಅಂತ ತಿಳಕೊಂಡಿದ್ದೆ."

ಹರ್ಷದಾ ದಾದಾಸಾಬನನ್ನು ನೋಡಿದಳು. ಅವನು ಆ ಮಾತನ್ನು ಒಂದಕ್ಷರ ಬಿಡದೆ ಹೇಳಿಕೆಯಲ್ಲಿ ಬರೆದು, ಸಹಿಗಾಗಿ ಸುಭಾಷನ ಮುಂದಿಟ್ಟ.